ತಾಮ್ರದ ಬಳೆ, ಎರಡು ಟ್ರಾನ್ಸಿಸ್ಟರ್ ಮತ್ತು ಮನೆಯ ಗದ್ದಲ

ಶಾರ್ಟ್‌ವೇವ್ ಕೇಳುವ ಹುಚ್ಚು ಮತ್ತೆ ಹತ್ತಿದಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಬೆಂಗಳೂರಿನ ಮೂರನೇ ಮಹಡಿಯ ಬಾಲ್ಕನಿ. ಬಟ್ಟೆ ಒಣಹಾಕುವ ಹಗ್ಗದ ಪಕ್ಕದಲ್ಲೇ ಏಳೆಂಟು ಮೀಟರ್ ವೈರ್ ಕಟ್ಟಿದೆ. ಸ್ಟೇಷನ್‌ಗಳು ಸರಿಯಾಗಿ ಸಿಗಲಿಲ್ಲ. ಸಿಗ್ನಲ್ ಸಾಲುತ್ತಿಲ್ಲ ಅಂದುಕೊಂಡು, ರೇಡಿಯೋಗೆ ಮುಟ್ಟುವ ಮುಂಚೆಯೇ ಸಿಗ್ನಲ್ ಜೋರು ಮಾಡುವ 20 ಡಿಬಿ ಪ್ರೀಆಂಪ್ ಒಂದನ್ನು ಆನ್‌ಲೈನ್‌ನಲ್ಲಿ ತರಿಸಿ ವೈರ್‌ಗೂ ರೇಡಿಯೋಗೂ ನಡುವೆ ಸೇರಿಸಿದೆ. ಸಿಗ್ನಲ್ ಮೀಟರ್ ಸರ್ರನೆ ಮೇಲೇರಿತು. ಖುಷಿಯೋ ಖುಷಿ. ಆದರೆ ಕಿವಿಗೆ ಬಿದ್ದದ್ದು ಅದೇ ಗುರ್ರ್ ಸದ್ದು, ಮೊದಲಿಗಿಂತ ಜೋರಾಗಿ. ಅದರ ಅಡಿಯಲ್ಲಿ ಯಾರೋ ಮಾತಾಡುತ್ತಿದ್ದರು. ಏನು ಅಂತ ಮಾತ್ರ ಆಗಲೂ ತಿಳಿಯಲಿಲ್ಲ.

ನಮ್ಮ ಅಜ್ಜನ ಮನೆಯಲ್ಲಿ ಇಂಥ ಪ್ರೀಆಂಪ್ ಯಾವುದೂ ಇರಲಿಲ್ಲ. ಜಗಲಿಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ತಾಮ್ರದ ಜಾಲರಿಯ ಏರಿಯಲ್ ತೂಗುತ್ತಿತ್ತು. ಅದರ ತುದಿಯಿಂದ ಒಂದು ವೈರ್ ಕಿಟಕಿ ತೂರಿ ವಾಲ್ವ್ ರೇಡಿಯೋದ ಬೆನ್ನಿಗೆ ಬರುತ್ತಿತ್ತು. ಅಷ್ಟರಲ್ಲೇ ರೇಡಿಯೋ ಸಿಲೋನ್ ಪಕ್ಕದ ಮನೆಯವರಿಗೂ ಕೇಳಿಸುತ್ತಿತ್ತು. ಆಗಿನ ಸ್ಟೇಷನ್‌ಗಳ ಪವರ್ ಜಾಸ್ತಿ ಇತ್ತು ಅಂತ ತುಂಬಾ ಜನ ಹೇಳುತ್ತಾರೆ. ಅದೊಂದೇ ಅಲ್ಲ ಕಾರಣ. ಆ ಮನೆಯಲ್ಲಿ ಎಲ್ಇಡಿ ಬಲ್ಬ್ ಇರಲಿಲ್ಲ. ಮೊಬೈಲ್ ಚಾರ್ಜರ್, ವೈಫೈ ಪೆಟ್ಟಿಗೆ, ಯುಪಿಎಸ್, ಸೋಲಾರ್ ಇನ್ವರ್ಟರ್ ಒಂದೂ ಇರಲಿಲ್ಲ. ನಾಲ್ಕು ನಲವತ್ತು ವ್ಯಾಟ್ ಬಲ್ಬು, ಒಂದು ಫ್ಯಾನು. ಮನೆ ರೇಡಿಯೋ ಅಲೆಗಳ ಮಟ್ಟಿಗೆ ತಣ್ಣಗಿತ್ತು.

ಸಂತೆಯಲ್ಲಿ ನಿಂತು ಪಿಸುಮಾತು ಕೇಳಿಸಿಕೊಳ್ಳಬೇಕು ಅಂತಿಟ್ಟುಕೊಳ್ಳಿ. ಕಿವಿಗೆ ಮೈಕು ಹಚ್ಚಿದರೆ ಪಿಸುಮಾತೂ ಜೋರಾಗುತ್ತದೆ, ಸಂತೆಯೂ ಜೋರಾಗುತ್ತದೆ. ನನ್ನ 20 ಡಿಬಿ ಪೆಟ್ಟಿಗೆ ಮಾಡಿದ್ದು ಇದನ್ನೇ.

ಎಷ್ಟು ಗದ್ದಲ ಅಂದರೆ

ಸ್ವಲ್ಪ ಲೆಕ್ಕ ಬೇಕು, ಹೆದರಬೇಡಿ. ಡಿಬಿ ಅಂದರೆ ಪಟ್ಟುಗಳ ಲೆಕ್ಕ. 10 ಡಿಬಿ ಅಂದರೆ ಪವರ್ 10 ಪಟ್ಟು, 20 ಅಂದರೆ 100 ಪಟ್ಟು, 30 ಅಂದರೆ ಸಾವಿರ ಪಟ್ಟು. ಇನ್ನೊಂದು ವಿಷಯ: ಯಾವುದೇ ರೆಸಿಸ್ಟರ್ ಸುಮ್ನೆ ಮೇಜಿನ ಮೇಲೆ ಕೂತಿದ್ದರೂ ತನ್ನ ಬಿಸಿಯಿಂದಲೇ ಒಂದಿಷ್ಟು ನಾಯ್ಸ್ ಹುಟ್ಟಿಸುತ್ತದೆ. ಒಳ್ಳೆಯದೋ ಕೆಟ್ಟದ್ದೋ, ಅದಕ್ಕಿಂತ ಕೆಳಗೆ ಯಾವ ಮಾಮೂಲಿ ರೇಡಿಯೋನೂ ಹೋಗಲಾರದು. ಅದನ್ನು ನೆಲ ಅಂತ ಕರೆಯೋಣ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ರೇಡಿಯೋ ನಾಯ್ಸ್ ಬಗ್ಗೆ ಪಿ.372 ಅನ್ನುವ ದಾಖಲೆ ಇಟ್ಟಿದೆ. ಅದರ ಸೂತ್ರದಲ್ಲಿ 7 ಮೆಗಾಹರ್ಟ್ಸ್ ಹಾಕಿ ನೋಡಿದರೆ ಹೀಗೆ ಬರುತ್ತದೆ. ಜನ, ಕರೆಂಟು ಎರಡೂ ದೂರವಿರುವ ನಿಶ್ಶಬ್ದ ಹಳ್ಳಿಯಲ್ಲಿ ಮನುಷ್ಯರು ಎಬ್ಬಿಸುವ ನಾಯ್ಸ್ ನೆಲಕ್ಕಿಂತ ಸುಮಾರು 29 ಡಿಬಿ ಮೇಲೆ. ಮನೆಗಳಿರುವ ಬಡಾವಣೆಯಲ್ಲಿ 49 ಡಿಬಿ. ಪಟ್ಟಣದ ನಡುವೆ 53. ಹಳ್ಳಿಗೂ ಪಟ್ಟಣಕ್ಕೂ 24 ಡಿಬಿ ಅಂತರ, ಅಂದರೆ 250 ಪಟ್ಟು. ಈ ಸೂತ್ರದ ಹಿಂದಿರುವ ಅಳತೆಗಳು ಎಲ್ಇಡಿ ಬಲ್ಬು ಮನೆಮನೆಗೆ ಬರುವ ಮುಂಚಿನವು ಅನ್ನುವುದೂ ನೆನಪಿರಲಿ.

ಈಗ ರೇಡಿಯೋ ಕಡೆ ನೋಡಿ. ಸಾಧಾರಣ ರಿಸೀವರ್ ತನ್ನೊಳಗೆ ಸೇರಿಸುವ ನಾಯ್ಸ್ ನೆಲಕ್ಕಿಂತ 10, 15 ಡಿಬಿ ಮೇಲಿರಬಹುದು. ಹೊರಗಿನ ಗದ್ದಲ 49 ಇರುವಾಗ ಒಳಗಿನ ಈ 10 ಯಾವ ಮೂಲೆಗೆ? ಶಾರ್ಟ್‌ವೇವ್‌ನಲ್ಲಿ ರೇಡಿಯೋದ ಸೂಕ್ಷ್ಮತೆ ಹೆಚ್ಚಿಸುವುದರಿಂದ ಹೆಚ್ಚೇನೂ ಸಿಗುವುದಿಲ್ಲ. ಇದೇ ಲೆಕ್ಕ ಇನ್ನೊಂದು ಬಾಗಿಲು ತೆರೆಯುತ್ತದೆ. ಆಂಟೆನಾ ಚಿಕ್ಕದಾಗಿದ್ದು ಸಿಗ್ನಲ್ ಕಮ್ಮಿ ಹಿಡಿದರೆ ಹೊರಗಿನ ನಾಯ್ಸನ್ನೂ ಅಷ್ಟೇ ಕಮ್ಮಿ ಹಿಡಿಯುತ್ತದೆ. ಎರಡರ ನಡುವಿನ ಅಂತರ ಹಾಗೇ ಉಳಿಯುತ್ತದೆ. ನಮಗೆ ಬೇಕಾದದ್ದು ಆ ಅಂತರ ತಾನೇ? ಹಿಡಿದ ಹೊರಗಿನ ನಾಯ್ಸ್ ರಿಸೀವರಿನ ಒಳಗಿನ ನಾಯ್ಸ್‌ಗಿಂತ ಮೇಲೇ ಇರುವ ತನಕ ಆಂಟೆನಾ ಎಷ್ಟು ಚಿಕ್ಕದಾದರೂ ನಷ್ಟವಿಲ್ಲ.

ಅಗಲ ಬ್ಯಾಂಡಿನ, ಅಂದರೆ ಹಲವು ಫ್ರೀಕ್ವೆನ್ಸಿಗಳನ್ನು ಒಂದರಲ್ಲೇ ಹಿಡಿಯುವ ಆಂಟೆನಾ ಸಾಧ್ಯವಾಗುವುದು ಇದರಿಂದಲೇ. ಪುಸ್ತಕದ ಡೈಪೋಲ್, ಅಂದರೆ ನಡುವಿನಿಂದ ಎರಡು ಕಡೆ ಚಾಚಿದ ವೈರ್, ಅಲೆಯ ಅರ್ಧ ಉದ್ದ ಇರಬೇಕು. 7 ಮೆಗಾಹರ್ಟ್ಸ್‌ಗೆ ಸುಮಾರು 20 ಮೀಟರ್, 1 ಮೆಗಾಹರ್ಟ್ಸ್‌ಗೆ 150 ಮೀಟರ್. ಫ್ಲಾಟಿನಲ್ಲಿ ಇದು ಆಗದ ಮಾತು. ಆದರೂ ಆ ಡೈಪೋಲ್ ತನ್ನ ಬ್ಯಾಂಡ್ ಬಿಟ್ಟರೆ ಬೇರೆ ಕಡೆ ಸಪ್ಪೆ. ಟ್ರಾನ್ಸ್‌ಮಿಟ್ ಮಾಡುವವರಿಗೆ ಆ ಉದ್ದ, ಆ ಮ್ಯಾಚಿಂಗ್ ಎಲ್ಲ ಬೇಕೇ ಬೇಕು, ಪವರ್ ಪೋಲಾಗಬಾರದಲ್ಲ. ಬರೀ ಕೇಳುವವರಿಗೆ 100 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್ ತನಕ ಒಂದೇ ಚಿಕ್ಕ ಆಂಟೆನಾ ಸಾಕು. ಆದರೆ ಅದರ ಬುಡದಲ್ಲೇ ಒಂದು ಪ್ರೀಆಂಪ್ ಕೂರಬೇಕು. ಅದರ ಕೆಲಸ ಸಿಗ್ನಲ್ ಜೋರು ಮಾಡುವುದು ಅಲ್ಲ. ಆಂಟೆನಾದ ಭಾಷೆಯನ್ನು ಕೇಬಲ್ಲಿನ ಭಾಷೆಗೆ ಬದಲಿಸುವುದು.

ಸೂಜಿ ತೂತಿನ ಪೈಪು

1 ಮೀಟರ್ ಉದ್ದದ ನೆಟ್ಟಗಿನ ಕಡ್ಡಿ ತಗೊಳ್ಳಿ. ಇಷ್ಟು ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಅದು ಬರೀ ಒಂದು ಪುಟ್ಟ ಕೆಪಾಸಿಟರ್ ಥರ ನಡೆದುಕೊಳ್ಳುತ್ತದೆ, ಸುಮಾರು 10 ಪಿಕೋಫ್ಯಾರಡ್. 1 ಮೆಗಾಹರ್ಟ್ಸ್‌ನಲ್ಲಿ ಅದರ ತಡೆ ಹತ್ತಿರಹತ್ತಿರ 16,000 ಓಂ. ರೇಡಿಯೋದ ಇನ್‌ಪುಟ್ ಎಷ್ಟು? 50 ಓಂ. ಕಡ್ಡಿಯನ್ನು ನೇರ ಕೇಬಲ್ಲಿಗೆ ಕಟ್ಟಿದರೆ ಅದರಲ್ಲಿ ಹುಟ್ಟಿದ ವೋಲ್ಟೇಜಿನ 320ರಲ್ಲಿ ಒಂದು ಪಾಲು ಮಾತ್ರ ರೇಡಿಯೋಗೆ ಸಿಗುತ್ತದೆ.

ಮಹಡಿ ಮೇಲಿನ ನೀರಿನ ಟ್ಯಾಂಕಿನಿಂದ ಸೂಜಿ ತೂತಿನಷ್ಟು ಸಣ್ಣ ಪೈಪಿನಲ್ಲಿ ನೀರು ಇಳಿಯುತ್ತಿದೆ, ಕೆಳಗೆ ದೊಡ್ಡ ನಲ್ಲಿ ಪೂರ್ತಿ ತೆರೆದಿದೆ. ನಲ್ಲಿಯಲ್ಲಿ ಒತ್ತಡವೇ ಇರುವುದಿಲ್ಲ ಅಲ್ವಾ? ನಲ್ಲಿ ಮುಚ್ಚಿ ಅಲ್ಲೊಂದು ಒತ್ತಡದ ಮೀಟರ್ ಹಾಕಿ, ಟ್ಯಾಂಕಿನ ಪೂರ್ತಿ ಎತ್ತರ ತೋರಿಸುತ್ತದೆ. ಫೆಟ್ ಟ್ರಾನ್ಸಿಸ್ಟರ್ ಆ ಮೀಟರ್ ಇದ್ದ ಹಾಗೆ. ತಾನು ಹೆಚ್ಚುಕಮ್ಮಿ ಏನನ್ನೂ ಕುಡಿಯದೆ ವೋಲ್ಟೇಜನ್ನು ಓದುತ್ತದೆ, ಆಮೇಲೆ ಅದೇ ವೋಲ್ಟೇಜನ್ನು ಕೇಬಲ್ ಎಳೆಯಬಲ್ಲ ಶಕ್ತಿಯೊಂದಿಗೆ ಆಚೆ ಕೊಡುತ್ತದೆ. ವೋಲ್ಟೇಜ್ ಗೇನ್, ಅಂದರೆ ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವುದು, ಒಂದಕ್ಕಿಂತ ಕಮ್ಮಿಯೇ. ಆದರೂ ಕೆಲಸ ಆಗುತ್ತದೆ.

ಡಚ್ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು, ಒಬ್ಬರು ಮಾಡಿದ ಮಿನಿ-ವಿಪ್ ಇದಕ್ಕೆ ಹೆಸರುವಾಸಿ. ಬೆಂಕಿಪೊಟ್ಟಣದ ಅಳತೆಯ ತಾಮ್ರದ ತಗಡು, ಒಂದು ಜೆ310 ಫೆಟ್, ಅದರ ಹಿಂದೆ ಒಂದು 2ಎನ್5109 ಟ್ರಾನ್ಸಿಸ್ಟರ್. ಅಷ್ಟೇ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಮಾಡಿನ ಮೇಲೆ ಅಂಥದ್ದೊಂದು ಕೂತಿದೆ. ಅದರಿಂದ ಬರುವ ಸುಮಾರು 29 ಮೆಗಾಹರ್ಟ್ಸ್ ಅಗಲದ ಸಿಗ್ನಲನ್ನು ಅವರ ವೆಬ್‌ಎಸ್‌ಡಿಆರ್ ಅನ್ನುವ ಇಂಟರ್ನೆಟ್ ರಿಸೀವರ್ ಮೂಲಕ ಪ್ರಪಂಚದ ಯಾವ ಮೂಲೆಯಿಂದಲಾದರೂ ಕೇಳಬಹುದು. ಒಮ್ಮೆ ಕೇಳಿ ನೋಡಿ, ನಂಬಿಕೆ ಬರುತ್ತದೆ.

ಹಾಗಾದರೆ ನಾನೂ ಅದನ್ನೇ ಬಾಲ್ಕನಿಯಲ್ಲಿ ಕಟ್ಟಬಹುದಲ್ಲ? ಕಟ್ಟಿದೆ. ಸೋತೆ. ವೋಲ್ಟೇಜ್ ಅನ್ನುವುದು ಯಾವಾಗಲೂ ಎರಡು ಜಾಗಗಳ ನಡುವಿನದು. ತಕ್ಕಡಿಯ ಒಂದು ತಟ್ಟೆಯಲ್ಲಿ ಆ ತಗಡಿನ ತುಂಡು. ಇನ್ನೊಂದು ತಟ್ಟೆಯಲ್ಲಿ? ಕೇಬಲ್ಲಿನ ಹೊರಹೊದಿಕೆ. ಆ ಹೊದಿಕೆ ನೇರ ನಮ್ಮ ಮನೆಯೊಳಗಿನ ಚಾರ್ಜರ್, ರೂಟರ್‌ಗಳ ಕೊಳಕು ಗ್ರೌಂಡಿಗೆ ಅಂಟಿಕೊಂಡಿತ್ತು. ಟ್ವೆಂಟೆಯದ್ದು ಎತ್ತರದ ಮಾಡಿನ ಮೇಲಿದೆ, ಬುಡದಲ್ಲಿ ಒಳ್ಳೆಯ ಗ್ರೌಂಡ್ ಇದೆ. ಮನೆ ಸುತ್ತ ಜಾಗ ಇದ್ದವರು, ತೋಟದ ನಡುವೆ ಕಂಬ ನೆಡಬಲ್ಲವರು, ಕಂಬದ ಬುಡದಲ್ಲೇ ಅರ್ಥಿಂಗ್ ಸರಳು ಹೊಡೆಯಬಲ್ಲವರು ಧಾರಾಳವಾಗಿ ಮಿನಿ-ವಿಪ್ ಮಾಡಿಕೊಳ್ಳಿ. ಫ್ಲಾಟಿನವರಿಗೆ ಇದು ಬೇಡ ಅಂತ ನನ್ನ ಅಭಿಪ್ರಾಯ.

ಬಳೆಯ ಚಮತ್ಕಾರ

ಇನ್ನೊಂದು ದಾರಿ ಲೂಪ್. 1 ಮೀಟರ್ ಅಡ್ಡಳತೆಯ ತಾಮ್ರದ ಬಳೆ. ಕಡ್ಡಿ ಅಲೆಯ ವಿದ್ಯುತ್ ಭಾಗವನ್ನು ಹಿಡಿದರೆ ಬಳೆ ಅಯಸ್ಕಾಂತದ ಭಾಗವನ್ನು ಹಿಡಿಯುತ್ತದೆ.

ಬಳೆಯೊಳಗೆ ಅಲೆ ಹಾದಾಗ ಹುಟ್ಟುವ ವೋಲ್ಟೇಜ್ ಫ್ರೀಕ್ವೆನ್ಸಿ ಏರಿದ ಹಾಗೆ ಏರುತ್ತದೆ. 1 ಮೆಗಾಹರ್ಟ್ಸ್‌ನಲ್ಲಿ ಒಂದು ಪಾಲು ಅಂದರೆ 10ರಲ್ಲಿ ಹತ್ತು ಪಾಲು. ಅಗಲ ಬ್ಯಾಂಡ್ ಬೇಕು ಅನ್ನುವವರಿಗೆ ಇದು ತಲೆನೋವು, ಕೆಳಗೆ ಸಪ್ಪೆ, ಮೇಲೆ ಖಾರ. ಆದರೆ ಬಳೆಗೆ ತನ್ನದೇ ಇಂಡಕ್ಟೆನ್ಸ್ ಇದೆ, ಅಂದರೆ ಫ್ರೀಕ್ವೆನ್ಸಿ ಏರಿದಷ್ಟೂ ಕರೆಂಟನ್ನು ಹೆಚ್ಚು ತಡೆಯುವ ಗುಣ. 1 ಸೆಂಟಿಮೀಟರ್ ದಪ್ಪದ ಕೊಳವೆಯಿಂದ ಮಾಡಿದ್ದಾದರೆ ಸುಮಾರು 3 ಮೈಕ್ರೋಹೆನ್ರಿ. ಅದರ ತಡೆ 1 ಮೆಗಾಹರ್ಟ್ಸ್‌ನಲ್ಲಿ 19 ಓಂ, 10ರಲ್ಲಿ 190 ಓಂ. ಅದೂ ಹತ್ತು ಪಟ್ಟೇ!

ಈಗ ವೋಲ್ಟೇಜ್ ಮರೆತು ಕರೆಂಟ್ ನೋಡಿ. ಕರೆಂಟ್ ಅಂದರೆ ವೋಲ್ಟೇಜನ್ನು ತಡೆಯಿಂದ ಭಾಗಿಸಿದ್ದು. ಮೇಲಿನದೂ ಹತ್ತು ಪಟ್ಟು, ಕೆಳಗಿನದೂ ಹತ್ತು ಪಟ್ಟು, ಎರಡೂ ಹೊಡೆದುಹೋಗುತ್ತವೆ. ಬಳೆಯ ಎರಡು ತುದಿಗಳನ್ನು ಶಾರ್ಟ್ ಮಾಡಿದರೆ ಅದರಲ್ಲಿ ಹರಿಯುವ ಕರೆಂಟ್ ಫ್ರೀಕ್ವೆನ್ಸಿಯನ್ನು ಲೆಕ್ಕಿಸುವುದೇ ಇಲ್ಲ. ಮೀಡಿಯಂ ವೇವ್‌ನಿಂದ ಶಾರ್ಟ್‌ವೇವ್‌ನ ತುದಿಯ ತನಕ ಸಮತಟ್ಟು. ಟ್ಯೂನಿಂಗ್ ಕೆಪಾಸಿಟರ್ ಬೇಡ, ಸ್ವಿಚ್ ಬೇಡ. ನನಗೆ ಇದು ಗೊತ್ತಾದ ದಿನ ಕಾಗದದ ಮೇಲೆ ನಾಲ್ಕು ಸಲ ಬರೆದು ನೋಡಿದೆ, ಎಲ್ಲೋ ಮೋಸ ಇರಬೇಕು ಅಂತ. ಇರಲಿಲ್ಲ.

ಹಾಗಾದರೆ ಪ್ರೀಆಂಪ್ ಹೇಗಿರಬೇಕು? ಕಡ್ಡಿಯದ್ದಕ್ಕೆ ತೀರಾ ಉಲ್ಟಾ. ಬಳೆಗೆ ಶಾರ್ಟ್ ಆದ ಹಾಗೆ ಅನ್ನಿಸಬೇಕು, ಆದರೆ ಹರಿಯುವ ಕರೆಂಟನ್ನು ಅಳೆಯಬೇಕು. ಕಾಮನ್ ಬೇಸ್ ಅನ್ನುವ ಹಳೇ ಜೋಡಣೆ ಇದಕ್ಕೆ ಹೇಳಿ ಮಾಡಿಸಿದ್ದು. ಟ್ರಾನ್ಸಿಸ್ಟರಿನ ಎಮಿಟರ್ ಅನ್ನುವ ಕಾಲಿಗೆ ಸಿಗ್ನಲ್ ಕೊಟ್ಟರೆ ಅಲ್ಲಿ ಕಾಣುವ ತಡೆ 26 ಮಿಲಿವೋಲ್ಟನ್ನು ಅದರ ಕರೆಂಟಿನಿಂದ ಭಾಗಿಸಿದಷ್ಟು. 10 ಮಿಲಿಆಂಪ್ ಹರಿಸಿದರೆ 2.6 ಓಂ. ಎರಡು ಟ್ರಾನ್ಸಿಸ್ಟರ್, ಬಳೆಯ ಒಂದೊಂದು ತುದಿಗೆ ಒಂದೊಂದು, ಒಟ್ಟು 5 ಓಂ ಚಿಲ್ಲರೆ. ಬಳೆಯ ತಡೆ ಈ 5 ಓಂಗಿಂತ ಮೇಲಿರುವ ತನಕ ಸಮತಟ್ಟು ಉಳಿಯುತ್ತದೆ, ಅಂದರೆ ಸುಮಾರು 270 ಕಿಲೋಹರ್ಟ್ಸ್‌ನಿಂದ ಮೇಲೆ. ಮೀಡಿಯಂ ವೇವ್ ಶುರುವಾಗುವುದೇ 530ರ ಹತ್ತಿರ. ಬಲ್ಗೇರಿಯಾದ ಎಲ್‌ಝಡ್1ಎಕ್ಯೂ ಕರೆಸಂಕೇತದ ಹ್ಯಾಮ್ ಪ್ರಕಟಿಸಿದ ಲೂಪ್ ಪ್ರೀಆಂಪ್ ಈ ದಾರಿಯಲ್ಲಿ ಎಲ್ಲರಿಗೂ ಗುರು.

ಒಂದರ ಬದಲು ಎರಡು ಟ್ರಾನ್ಸಿಸ್ಟರ್ ಯಾಕೆ? ಬಳೆಯಲ್ಲಿ ಸುತ್ತುವ ಕರೆಂಟ್ ಒಂದು ತುದಿಯಿಂದ ಆಚೆ, ಇನ್ನೊಂದರಿಂದ ಒಳಗೆ. ಮನೆಯಿಂದ ಕೇಬಲ್ ಹೊದಿಕೆ ಹಿಡಿದು ಬಂದ ಕೊಳಕು ಎರಡೂ ತುದಿಗಳನ್ನು ಒಟ್ಟಿಗೆ ಏರಿಸಿ ಇಳಿಸುತ್ತದೆ. ಎರಡು ಟ್ರಾನ್ಸಿಸ್ಟರ್‌ಗಳ ವ್ಯತ್ಯಾಸವನ್ನು ಮಾತ್ರ ಟ್ರಾನ್ಸ್‌ಫಾರ್ಮರಿನಲ್ಲಿ ಆಚೆ ತೆಗೆದರೆ ಸುತ್ತುವ ಕರೆಂಟ್ ಉಳಿಯುತ್ತದೆ, ಕೊಳಕು ತನ್ನಷ್ಟಕ್ಕೆ ಕಳೆದುಹೋಗುತ್ತದೆ. ಎರಡು ಕಡೆ ಎಷ್ಟು ಸಮವೋ ಅಷ್ಟು ಚೊಕ್ಕ. ಹಾಗಾಗಿ ಒಂದೇ ಬ್ಯಾಚಿನ ಟ್ರಾನ್ಸಿಸ್ಟರ್ ಹತ್ತು ತಂದು ಮಲ್ಟಿಮೀಟರಿನಲ್ಲಿ ಗೇನ್ ಅಳೆದು ಜೋಡಿ ಆರಿಸಿಕೊಂಡೆ.

ಲೂಪ್ ಮನೆಯ ನಾಯ್ಸ್ ಕೇಳಿಸಿಕೊಳ್ಳುವುದೇ ಇಲ್ಲ ಅಂತ ಕೆಲವರು ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ಗೋಡೆಯೊಳಗಿನ ವೈರಿನಲ್ಲಿ ನಾಯ್ಸ್ ಕರೆಂಟ್ ಹರಿದರೆ ಅದಕ್ಕೂ ಅಯಸ್ಕಾಂತ ಇದೆ, ಬಳೆ ಅದನ್ನೂ ಹಿಡಿಯುತ್ತದೆ. ಲೂಪಿನ ನಿಜವಾದ ವರ ಬೇರೆ, ಅದನ್ನು ತಿರುಗಿಸಬಹುದು. ಬಳೆಯ ಅಂಚು ತೋರುವ ದಿಕ್ಕಿನಿಂದ ಬರುವುದು ಜೋರು, ಬಳೆಯ ಮುಖ ನೋಡುವ ದಿಕ್ಕಿನಿಂದ ಬರುವುದು ಹೆಚ್ಚುಕಮ್ಮಿ ಮಾಯ. ನಮ್ಮ ಕಟ್ಟಡದ ಲಿಫ್ಟ್ ಕೋಣೆಯಿಂದ ಬರುವ ಗರಗರ ಸದ್ದು ಬಳೆಯನ್ನು ಅಂಗೈಯಷ್ಟು ತಿರುಗಿಸಿದರೆ ಅರ್ಧಕ್ಕರ್ಧ ಇಳಿಯುತ್ತದೆ. ಆಕಾಶದಿಂದ ಇಳಿಜಾರಾಗಿ ಬರುವ ದೂರದ ಸ್ಟೇಷನ್‌ಗಳು ಅಷ್ಟು ಸುಲಭಕ್ಕೆ ಮಾಯವಾಗುವುದಿಲ್ಲ. ಇದು ನಮಗೆ ಲಾಭವೇ.

ಕಟ್ಟುವ ಕೆಲಸ

ತಾಮ್ರಕ್ಕೆ ದೂರ ಹೋಗಬೇಕಿಲ್ಲ. ಏಸಿ ಕೂರಿಸುವವರ ಹತ್ತಿರ 3/8 ಇಂಚಿನ ತಾಮ್ರದ ಕೊಳವೆ ಸುರುಳಿಯಲ್ಲಿ ಸಿಗುತ್ತದೆ. ಮೂರೂಕಾಲು ಮೀಟರ್ ಸಾಕು. ದಪ್ಪ ಕೊಳವೆ ಯಾಕೆಂದರೆ ಇಂಡಕ್ಟೆನ್ಸ್ ಕಮ್ಮಿಯಾಗಿ ಕರೆಂಟ್ ಜಾಸ್ತಿಯಾಗುತ್ತದೆ. ಬರೀ 2 ಮಿಲಿಮೀಟರ್ ತಂತಿಯಾದರೆ 4 ಮೈಕ್ರೋಹೆನ್ರಿಗೆ ಏರುತ್ತದೆ. ನಿಲ್ಲಿಸಲು ಪಿವಿಸಿ ಪೈಪ್, ಟೀ, ಕ್ಲಾಂಪ್. ಪ್ರೀಆಂಪ್ ಬೋರ್ಡಿಗೆ ಕರೆಂಟ್ ಕೆಲಸದವರು ಬಳಸುವ ನೀರು ಹೋಗದ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್. ಅದರ ತಳಕ್ಕೆ ಒಂದು ಸಣ್ಣ ತೂತು ಇರಲಿ, ಒಳಗೆ ಕಟ್ಟುವ ಹನಿ ಇಳಿದುಹೋಗಲಿ. ಪೂರ್ತಿ ಮುಚ್ಚಿದ್ದ ನನ್ನ ಮೊದಲ ಪೆಟ್ಟಿಗೆಯೊಳಗೆ ಒಂದು ಮಳೆಗಾಲಕ್ಕೆ ಪಾಚಿ ಬಂದಿತ್ತು.

ಟ್ರಾನ್ಸಿಸ್ಟರ್‌ಗಳಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್ ಸುತ್ತಿದೆ. 2ಎನ್2222 ರಾಶಿ ರಾಶಿ ಸಿಗುತ್ತದೆ, 2ಎನ್5109 ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ. ಮಾರ್ಕಿಂಗ್ ಅಳಿಸಿ ಮರುಮುದ್ರಿಸಿದ ನಕಲಿಗಳೂ ಓಡಾಡುತ್ತವೆ. ಮೊದಲ ಪ್ರಯತ್ನಕ್ಕೆ ಸುಲಭಕ್ಕೆ ಸಿಗುವುದರಲ್ಲೇ ಕಟ್ಟಿ ಅನ್ನುವುದು ನನ್ನ ಸಲಹೆ.

ಬಾಲ್ಕನಿಯ ಪ್ರೀಆಂಪಿಗೆ ಕರೆಂಟ್ ಹೇಗೆ? ಅದೇ ಕೇಬಲ್ಲಿನಲ್ಲಿ. ಬಯಾಸ್ ಟೀ ಅನ್ನುವುದು ಬರೀ ಒಂದು ಕಾಯಿಲ್, ಒಂದು ಕೆಪಾಸಿಟರ್. 12 ವೋಲ್ಟ್ ಡಿಸಿ ಕಾಯಿಲ್ ಮೂಲಕ ಕೇಬಲ್ಲಿಗೆ ಇಳಿಯುತ್ತದೆ. ರೇಡಿಯೋ ಸಿಗ್ನಲ್ ಆ ಕಾಯಿಲ್ ದಾಟಲಾರದೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಮೂಲಕ ರಿಸೀವರಿಗೆ ಹೋಗುತ್ತದೆ. ತುಂಬಾ ಜನ ಎಡವುವುದು ಕಾಯಿಲ್ ಆರಿಸುವಲ್ಲಿ. 100 ಮೈಕ್ರೋಹೆನ್ರಿ ಹಾಕಿದರೆ 100 ಕಿಲೋಹರ್ಟ್ಸ್‌ನಲ್ಲಿ ಅದರ ತಡೆ ಬರೀ 63 ಓಂ, ಒಂದಿಷ್ಟು ಸಿಗ್ನಲ್ ಅಲ್ಲೇ ಸೋರಿಹೋಗುತ್ತದೆ. 1 ಮಿಲಿಹೆನ್ರಿ ಹಾಕಿದರೆ 630 ಓಂ, ನಿಶ್ಚಿಂತೆ.

ಆ 12 ವೋಲ್ಟ್ ಎಲ್ಲಿಂದ ಬರುತ್ತದೆ ಅನ್ನುವುದೂ ಮುಖ್ಯ. ಇಷ್ಟೆಲ್ಲ ಮಾಡಿ ಕೊನೆಗೆ ಹಗುರವಾದ ಚಾರ್ಜರ್ ಒಂದನ್ನು ಸಿಕ್ಕಿಸಿದರೆ ಯಾವ ಗದ್ದಲದಿಂದ ಓಡಿಬಂದೆವೋ ಅದನ್ನೇ ಕೇಬಲ್ಲಿನೊಳಗೆ ಕರೆದು ಕೂರಿಸಿದ ಹಾಗೆ. ಕೈಯಲ್ಲಿ ಹಿಡಿದರೆ ತೂಕ ಇರುವ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್, ಅದರ ಮುಂದೆ ವೋಲ್ಟೇಜನ್ನು 12ರಲ್ಲೇ ಹಿಡಿದಿಡುವ ಒಂದು 7812 ಚಿಪ್. ಇಲ್ಲವಾದರೆ ಬ್ಯಾಟರಿ.

ಕೇಬಲ್ ಹೊದಿಕೆ ಮನೆಯ ನಾಯ್ಸ್ ಓಡಾಡುವ ಹೆದ್ದಾರಿ. ಅದಕ್ಕೆ ಅಡ್ಡಗಟ್ಟೆ ಬೇಕು. ಫೆರೈಟ್ ಉಂಗುರಕ್ಕೆ ಕೇಬಲ್ಲನ್ನೇ ಹತ್ತು ಹನ್ನೆರಡು ಸುತ್ತು ಸುತ್ತಿ. ಒಳಗಿನ ಸಿಗ್ನಲಿಗೆ ಏನೂ ಆಗುವುದಿಲ್ಲ, ಹೊದಿಕೆಯ ಹೊರಮೈ ಹಿಡಿದು ಬರುವ ಕರೆಂಟ್ ಮಾತ್ರ ತಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನ ಇಡೀ ವ್ಯವಸ್ಥೆಯಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಉಂಗುರ. ಕೇಬಲ್ ಯಾವುದು? ಡಿಶ್ ಟಿವಿಗೆ ಎಳೆಯುವ ಆರ್‌ಜಿ-6 ಸಾಕು. ಅದು 75 ಓಂ, ರೇಡಿಯೋ 50 ಓಂ ಅಂತ ತಲೆ ಕೆಡಿಸಿಕೊಳ್ಳಬೇಡಿ. ಆ ಹೊಂದಾಣಿಕೆ ತಪ್ಪಿದ್ದಕ್ಕೆ ಆಗುವ ನಷ್ಟ 0.2 ಡಿಬಿಗಿಂತ ಕಮ್ಮಿ.

ಇಲ್ಲದ ಸ್ಟೇಷನ್‌ಗಳು

ಅಗಲ ಬ್ಯಾಂಡಿಗೆ ಒಂದು ಶಾಪ ಇದೆ. ಪ್ರೀಆಂಪಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ನಿಮಗೆ ಬೇಕಾದ ಪಿಸುಮಾತಿನ ಜೊತೆಗೆ ಊರಿನ ದೊಡ್ಡ ಟ್ರಾನ್ಸ್‌ಮಿಟರೂ ಒಳಗೆ ಬರುತ್ತದೆ. ಬೆಂಗಳೂರಿನಲ್ಲಿ ಆಕಾಶವಾಣಿಯ 612 ಕಿಲೋಹರ್ಟ್ಸ್, 200 ಕಿಲೋವ್ಯಾಟ್. ಪ್ರೀಆಂಪ್ ಅಷ್ಟನ್ನು ತಾಳಲಾರದೆ ಅಲೆಯನ್ನು ವಕ್ರ ಮಾಡಿದರೆ 1224ರಲ್ಲಿ, 1836ರಲ್ಲಿ ಅದೇ ಕಾರ್ಯಕ್ರಮ ಮತ್ತೆ ಕೇಳಿಸುತ್ತದೆ. ತಪ್ಪು ಆಕಾಶವಾಣಿಯದ್ದಲ್ಲ, ನಮ್ಮ ಟ್ರಾನ್ಸಿಸ್ಟರಿನದು. ಎರಡು ದೊಡ್ಡ ಸ್ಟೇಷನ್ ಸೇರಿದರಂತೂ ಅವುಗಳ ಕೂಡಿಕೆ, ಕಳೆಯುವಿಕೆ, ಒಂದರ ಎರಡರಷ್ಟರಲ್ಲಿ ಇನ್ನೊಂದನ್ನು ಕಳೆದದ್ದು, ಹೀಗೆ ಸಂತಾನ ಬೆಳೆಯುತ್ತಾ ಹೋಗುತ್ತದೆ.

ಇಲ್ಲದ ಸ್ಟೇಷನನ್ನು ಹಿಡಿಯುವ ಉಪಾಯ ಸರಳ. ಆಂಟೆನಾಗೂ ಪ್ರೀಆಂಪಿಗೂ ನಡುವೆ ಸಿಗ್ನಲ್ ತಗ್ಗಿಸುವ 10 ಡಿಬಿ ಅಟೆನ್ಯುಯೇಟರ್ ಹಾಕಿ. ನಿಜವಾದ ಸ್ಟೇಷನ್ 10 ಡಿಬಿ ಇಳಿಯುತ್ತದೆ. ಪ್ರೀಆಂಪಿನೊಳಗೆ ಹುಟ್ಟಿದ್ದು 20 ಅಥವಾ 30 ಇಳಿಯುತ್ತದೆ. ಇಳಿತ ಹೆಚ್ಚಾದರೆ ಅದು ಭೂತ.

ಭೂತ ಬಿಡಿಸಲು ಮೂರು ದಾರಿ. ಟ್ರಾನ್ಸಿಸ್ಟರಿಗೆ ಜಾಸ್ತಿ ಕರೆಂಟ್ ಹರಿಸುವುದು ಒಂದು. ಒಳ್ಳೆಯ ಪ್ರೀಆಂಪ್‌ಗಳು ಬಿಸಿಯಾಗುವುದು ಅದಕ್ಕೇ. ಸಮವಾದ ಎರಡು ಟ್ರಾನ್ಸಿಸ್ಟರ್ ಇನ್ನೊಂದು, ಎರಡರಷ್ಟರ ಭೂತಗಳು ಅದರಲ್ಲಿ ತಾವೇ ಕಳೆದುಹೋಗುತ್ತವೆ. ಮೂರನೆಯದು ಫಿಲ್ಟರ್. ಮೀಡಿಯಂ ವೇವ್ ಬೇಡವಾದರೆ 2 ಮೆಗಾಹರ್ಟ್ಸ್ ಕೆಳಗಿನದೆಲ್ಲ ಕತ್ತರಿಸಿಬಿಡಿ. ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಆದ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಬಳಸುವವರಿಗೆ ಫಿಲ್ಟರ್ ಇನ್ನೂ ಅಗತ್ಯ. ಸಿಗ್ನಲನ್ನು ಅಂಕಿಗಳಾಗಿ ಬದಲಿಸುವ ಅದರ ಎಡಿಸಿ 8 ಬಿಟ್‌ನದು, ಅತಿ ಜೋರಿನದಕ್ಕೂ ಅತಿ ಮೆಲ್ಲಗಿನದಕ್ಕೂ ನಡುವೆ ಸುಮಾರು 50 ಡಿಬಿ ಜಾಗ ಮಾತ್ರ. ಸ್ಥಳೀಯ ಸ್ಟೇಷನ್ ಆ ಜಾಗವನ್ನೆಲ್ಲ ತುಂಬಿಕೊಂಡರೆ ಉಳಿದವರಿಗೆ ಕೂರಲು ಚಾಪೆ ಇಲ್ಲ.

30 ಮೆಗಾಹರ್ಟ್ಸ್ ದಾಟಿದ ಮೇಲೆ

ಇಲ್ಲಿಯ ತನಕ ಹೇಳಿದ್ದೆಲ್ಲ ಮೇಲೆ ಹೋದ ಹಾಗೆ ತಿರುವುಮುರುವು. ಫ್ರೀಕ್ವೆನ್ಸಿ ಏರಿದಂತೆ ಹೊರಗಿನ ಗದ್ದಲ ಇಳಿಯುತ್ತದೆ. ಐಟಿಯು ಸೂತ್ರದಲ್ಲೇ ಬಡಾವಣೆಯ ನಾಯ್ಸ್ 7 ಮೆಗಾಹರ್ಟ್ಸ್‌ನಲ್ಲಿ 49 ಡಿಬಿ ಇದ್ದದ್ದು 100ರಲ್ಲಿ 17ಕ್ಕೆ ಇಳಿಯುತ್ತದೆ. ವಿಮಾನಗಳು ತಾವೆಲ್ಲಿದ್ದೇವೆ ಅಂತ ಹೇಳುವ 1090 ಮೆಗಾಹರ್ಟ್ಸ್ ಹೊತ್ತಿಗೆ ಆಕಾಶ ಬಹುತೇಕ ಮೌನ. ಸಂತೆ ಮುಗಿದಿದೆ. ಈಗ ನಮ್ಮ ಕಿವಿಯೊಳಗಿನ ಸದ್ದೇ ಅಡ್ಡಿ. ಪ್ರೀಆಂಪ್ ನಿಜವಾಗಿ ಪ್ರೀಆಂಪ್ ಆಗುವುದು ಇಲ್ಲೇ. ಕಮ್ಮಿ ನಾಯ್ಸಿನದ್ದೇ ಬೇಕು, ಅದೂ ಕೇಬಲ್ಲಿಗಿಂತ ಮೊದಲೇ ಬೇಕು.

20 ಮೀಟರ್ ಆರ್‌ಜಿ-6 ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ 4 ಡಿಬಿ ಚಿಲ್ಲರೆ ತಿನ್ನುತ್ತದೆ. ರಿಸೀವರಿನ ನಾಯ್ಸ್ ಫಿಗರ್, ಅಂದರೆ ಅದು ತಾನೇ ಸೇರಿಸುವ ನಾಯ್ಸಿನ ಅಳತೆ, 6 ಡಿಬಿ ಅನ್ನೋಣ. ಎರಡೂ ಸೇರಿ 10. ಈಗ 1 ಡಿಬಿ ನಾಯ್ಸ್ ಫಿಗರಿನ, 20 ಡಿಬಿ ಗೇನಿನ ಆಂಪ್ಲಿಫೈಯರ್ ತನ್ನಿ. ರಿಸೀವರಿನ ಪಕ್ಕ ಇಟ್ಟರೆ ಒಟ್ಟು 5 ಡಿಬಿಗೆ ಇಳಿಯುತ್ತದೆ. ಅದನ್ನೇ ಹತ್ತಿಕೊಂಡು ಹೋಗಿ ಆಂಟೆನಾದ ಬುಡದಲ್ಲಿ ಇಟ್ಟರೆ 1.3 ಡಿಬಿ. ಅದೇ ಪೆಟ್ಟಿಗೆ, ಅದೇ ದುಡ್ಡು, ಜಾಗ ಮಾತ್ರ ಬೇರೆ. ಫ್ರಿಸ್ ಸೂತ್ರ ಅಂತ ಇದಕ್ಕೆ ಹೆಸರು. ಮೊದಲ ಹಂತದ ನಾಯ್ಸ್ ಪೂರ್ತಿ ಲೆಕ್ಕಕ್ಕೆ ಬರುತ್ತದೆ, ಆಮೇಲಿನ ಹಂತಗಳದ್ದು ಮೊದಲಿನ ಗೇನಿನಿಂದ ಭಾಗವಾಗಿ ಬರುತ್ತದೆ. ಕೇಬಲ್ಲಿನಲ್ಲಿ ಕಳೆದುಕೊಂಡ ಮೇಲೆ ಎಷ್ಟು ಜೋರು ಮಾಡಿದರೂ ಹೋದದ್ದು ಹೋದದ್ದೇ.

ಆಂಟೆನಾ ರೂಪವೂ ಬೇರೆ. ಇಲ್ಲಿ ಡಿಸ್ಕೋನ್ ಕಟ್ಟುತ್ತಾರೆ, ಕೊಡೆಯ ಕಡ್ಡಿಗಳಂತೆ ಇಳಿಬಿದ್ದ ಶಂಕು, ಮೇಲೊಂದು ತಟ್ಟೆ. ಇಲ್ಲವೇ ಲಾಗ್ ಪೀರಿಯಾಡಿಕ್, ಒಂದಕ್ಕಿಂತ ಒಂದು ಚಿಕ್ಕದಾಗುತ್ತಾ ಹೋಗುವ ಡೈಪೋಲ್‌ಗಳ ಏಣಿ. ಯಾವ ಫ್ರೀಕ್ವೆನ್ಸಿ ಬಂದರೂ ಏಣಿಯ ಯಾವುದೋ ಒಂದೆರಡು ಮೆಟ್ಟಿಲಿಗೆ ಅದು ಹೊಂದುತ್ತದೆ. ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದಲ್ಲಿ ಸೂರ್ಯನನ್ನು ಗಮನಿಸಲು ಇಂಥವುಗಳ ಸಾಲೇ ಇದೆ.

ಅಗಲ ಬ್ಯಾಂಡಿನ ಕಷ್ಟ ಎಲ್ಲಿಯ ತನಕ ಹೋಗಬಹುದು ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ನಡೆದದ್ದೊಂದನ್ನು ಹೇಳಲೇಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ಸಾರಸ್ 3 ಅನ್ನುವ ರೇಡಿಯೋ ಕಟ್ಟಿದರು. ಬ್ರಹ್ಮಾಂಡದ ಮೊದಲ ನಕ್ಷತ್ರಗಳು ಹುಟ್ಟಿದ ಕಾಲದ ಹೈಡ್ರೋಜನ್ ಬಿಟ್ಟ ಗುರುತನ್ನು ಹುಡುಕಲು. 2018ರಲ್ಲಿ ಆಸ್ಟ್ರೇಲಿಯಾದಲ್ಲಿದ್ದ ಎಡ್ಜಸ್ ಎಂಬ ಪ್ರಯೋಗದವರು 78 ಮೆಗಾಹರ್ಟ್ಸ್ ಹತ್ತಿರ ಆ ಗುರುತು ಕಂಡಿತು ಅಂದಿದ್ದರು. ಹುಡುಕುವುದು ಸಣ್ಣ ತಗ್ಗೊಂದನ್ನು, ಆಂಟೆನಾ ತಾನೇ ಅಂಥ ಒಂದು ತಗ್ಗನ್ನು ಸೃಷ್ಟಿಸಿದರೆ? ನೆಲದ ಮೇಲಿಟ್ಟ ಆಂಟೆನಾಗೆ ಕೆಳಗಿನ ಮಣ್ಣೂ ಒಂದು ಭಾಗ. ಮಣ್ಣು ಪದರ ಪದರ, ಒಂದೊಂದು ಫ್ರೀಕ್ವೆನ್ಸಿಗೆ ಒಂದೊಂದು ಥರ ಪ್ರತಿಫಲಿಸುತ್ತದೆ. ಅವರು ಹುಡುಕಿದ ಉತ್ತರ ನೀರು, ತಳದ ತನಕ ಒಂದೇ ಥರ. 2020ರ ಶುರುವಿನಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೆಪ್ಪ ಕಟ್ಟಿ ಅದರ ಮೇಲೆ ಶಂಕುವಿನ ಆಂಟೆನಾ ತೇಲಿಬಿಟ್ಟರು. ಎಡ್ಜಸ್‌ನವರು ಹೇಳಿದ ಗುರುತು ಅಲ್ಲಿ ಕಾಣಲಿಲ್ಲ. 2022ರಲ್ಲಿ ಅದು ನೇಚರ್ ಅಸ್ಟ್ರಾನಮಿಯಲ್ಲಿ ಪ್ರಕಟವಾಯಿತು. ಬಾಲ್ಕನಿಯ ಮಿನಿ-ವಿಪ್ ನನಗೆ ಕಲಿಸಿದ್ದೂ ಇದನ್ನೇ, ಆಂಟೆನಾ ಅಂತ ನಾವು ಕರೆಯುವ ಲೋಹದ ತುಂಡಿನಷ್ಟೇ ಅದರ ಕೆಳಗೆ ಏನಿದೆ ಅನ್ನುವುದೂ ಲೆಕ್ಕ. ನನ್ನ ಕೆಳಗೆ ಇದ್ದದ್ದು ಪಕ್ಕದವರ ಇನ್ವರ್ಟರ್, ಅಷ್ಟೇ ವ್ಯತ್ಯಾಸ.

ಕಟ್ಟಿದ ಮೇಲೆ ಸರಿಯಾಗಿದೆಯೋ ಇಲ್ಲವೋ ನೋಡಲು ದುಬಾರಿ ಉಪಕರಣ ಬೇಡ. ಸ್ಟೇಷನ್ ಇಲ್ಲದ ಜಾಗಕ್ಕೆ ಟ್ಯೂನ್ ಮಾಡಿ ಬಳೆಯ ಎರಡೂ ತುದಿಗಳನ್ನು ಪ್ರೀಆಂಪಿನಿಂದ ಬಿಚ್ಚಿ, ಅದರ ಬದಲು ಅಷ್ಟೇ ಇಂಡಕ್ಟೆನ್ಸಿನ ಪುಟ್ಟ ಕಾಯಿಲ್ ಹಚ್ಚಿ. ನಾಯ್ಸ್ 6ರಿಂದ 10 ಡಿಬಿ ಇಳಿದರೆ ಪ್ರೀಆಂಪಿನ ಸದ್ದಿಗಿಂತ ಆಕಾಶದ ಸದ್ದು ಮೇಲಿದೆ, ಇನ್ನೂ ಗೇನ್ ಸೇರಿಸುವ ಆಸೆ ಬಿಡಿ. ಇಳಿಯದೇ ಇದ್ದರೆ ಬಳೆ ದೊಡ್ಡದಾಗಬೇಕು ಅಥವಾ ಪ್ರೀಆಂಪಿನ ಸ್ವಂತ ನಾಯ್ಸ್ ಕಮ್ಮಿಯಾಗಬೇಕು. ಆಮೇಲೆ ರೇಡಿಯೋವನ್ನೂ ಪ್ರೀಆಂಪನ್ನೂ ಬ್ಯಾಟರಿಯಲ್ಲಿ ಓಡಿಸಿ, ಮನೆಯ ಮೇನ್ ಸ್ವಿಚ್ ಇಳಿಸಿ. ಆಗ ಎಷ್ಟು ತಣ್ಣಗಾಗುತ್ತದೋ ಅಷ್ಟು ನಿಮ್ಮದೇ ಮನೆಯ ಗದ್ದಲ. ಒಂದೊಂದೇ ಎಂಸಿಬಿ ಮೇಲೆತ್ತುತ್ತಾ ಹೋದರೆ ಕಳ್ಳ ಸಿಗುತ್ತಾನೆ. ನಮ್ಮಲ್ಲಿ ಸಿಕ್ಕವನು ದೇವರ ಕೋಣೆಯ ಎಲ್ಇಡಿ ಸರ. ಅದನ್ನು ಕಿತ್ತು ಎಣ್ಣೆ ದೀಪ ಹಚ್ಚೋಣ ಅಂದಾಗ ಅಮ್ಮನಿಗೆ ಆದ ಸಂತೋಷಕ್ಕೆ ಕಾರಣ ರೇಡಿಯೋ ಅಂತ ನಾನು ಇನ್ನೂ ಹೇಳಿಲ್ಲ.

ಸಿಡಿಲಿನ ಮಾತು ಬಿಟ್ಟರೆ ತಪ್ಪಾಗುತ್ತದೆ. ಪ್ರೀಆಂಪಿನ ಇನ್‌ಪುಟ್‌ಗೆ ಎದುರುಬದರು ಡಯೋಡ್ ಇರಲಿ, ಕೇಬಲ್ ಒಳಬರುವಲ್ಲಿ 90 ವೋಲ್ಟಿನ ಗ್ಯಾಸ್ ಟ್ಯೂಬ್ ಇರಲಿ. ದೂರದ ಸಿಡಿಲಿನಿಂದ ಅವು ಕಾಪಾಡುತ್ತವೆ, ಹತ್ತಿರದ ಸಿಡಿಲಿಗೆ ಯಾವುದೂ ಸಾಲದು. ಏಪ್ರಿಲ್, ಮೇ ಸಂಜೆಗಳಲ್ಲಿ ಇನ್ನೂ ಬಿಸಿಲಿರುವಾಗಲೇ ಮೀಡಿಯಂ ವೇವ್‌ನಲ್ಲಿ ಚಟ್ ಚಟ್ ಅಂತ ಶುರುವಾಗುತ್ತದೆ. ಮೋಡ ಕಾಣುವ ಮುಂಚೆ, ಗುಡುಗು ಕೇಳುವ ಮುಂಚೆ. ಆ ಸದ್ದು ಒಂದೊಂದಾಗಿ ಬರುತ್ತಿದ್ದದ್ದು ಹುರಿಗಡಲೆ ಸಿಡಿದ ಹಾಗೆ ದಟ್ಟವಾದ ಕೂಡಲೇ ನಾನು ಎದ್ದು ಕೇಬಲ್ ಕಿತ್ತು ಬಾಲ್ಕನಿಯ ಆಚೆ ಹಾಕುತ್ತೇನೆ, ಹಾಗೇ ಒಣಹಾಕಿದ ಬಟ್ಟೆಯನ್ನೂ ಒಳಗೆ ತರುತ್ತೇನೆ.